ಮೂರನೆಯ ದಿನ, ಊಟದ ನಂತರ

ಅರಸೀಕೆರೆಯ ಬಿ.ಆರ್.ಸಿ. ಹಾಲಿನಲ್ಲಿ
ನಾವು ನಲವತ್ತೊಂದು ಜನ, ಫ್ಯಾನು ಎರಡು.
ಒಂದು ತಿರುಗುತ್ತದೆ,
ಇನ್ನೊಂದು ತಿರುಗುವ ಸದ್ದು ಮಾಡುತ್ತದೆ.

'ಕಲೆ ಮತ್ತು ಕರಕೂಶಲದ ಮೂಲಕ ಭಾಷಾ ಬೋಧನೆ'.
ಬ್ಯಾನರಿನ ಆ ದೀರ್ಘವನ್ನು ಮೊದಲ ದಿನವೇ ಹಿಡಿದು
ಭಾಷಾ ಶಿಕ್ಷಕರಾದ ನಾವು
ಮೂರು ದಿನ ಅದನ್ನೇ ಜಗಿದಿದ್ದೇವೆ.

ಹಾಸನದಿಂದ ಬಂದ ಜಬೀನಾ ಮೇಡಂ
ಚೀಲ ಬೋರಲು ಹಾಕಿದರು:
ತೆಂಗಿನ ಗರಿ, ಕರಟ, ಹಳೆಯ ಮದುವೆ ಪತ್ರಿಕೆ,
ಹುಣಸೆ ಬೀಜ, ಬಳೆ ಚೂರು, ಒಂದು ಕಟ್ಟು ಬಿದಿರ ಸೀಳು.
"ಒಂದು ಗಂಟೆ ಯಾರೂ ಮಾತಾಡಬಾರದು.
ಕೈಗೇನು ಗೊತ್ತೋ ಅದನ್ನು ಮಾಡಿ.
ಮಾತು ಆಮೇಲೆ ಬರಲಿ, ತಾನಾಗಿ."

ಮಾತಿನಿಂದಲೇ ಉಂಡವರು ನಾವು.
ಹಾಲಪ್ಪ ಮೇಷ್ಟ್ರು ಬಾಯಿ ಕಟ್ಟಿಕೊಂಡು
ದೋಣಿಗೆ ತಿಣುಕಿದರು; ಟೋಪಿಯಾಯಿತು;
ಹಾಕಿಕೊಂಡು ಕೂತರು.
ಗಣತಿ, ಓಟಿನ ಪಟ್ಟಿ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ,
ಈ ಕೈಗಳು ತುಂಬಿಸಿದ್ದೇ ಹೆಚ್ಚು, ಮಾಡಿದ್ದು ಕಡಿಮೆ.

ನಾನು ಕರಟದ ಕಡೆ ಹೋಗಬೇಕೆಂದಿದ್ದೆ, ದೇವರಾಣೆ.
ಕೈ ಬಿದಿರಿಗೆ ಹೋಯಿತು.

ಹೇಳಿಯೇಬಿಡುತ್ತೇನೆ.
ನಮ್ಮದು ಮೇದರ ಮನೆ, ಬಾಣಾವರ.
ಅಪ್ಪ ದಬ್ಬೆ ಸೀಳಿದರೆ ಅವ್ವ ಮೊರ ಹೆಣೆಯುವಳು.
ಸಿಬಿರು ಹೊಕ್ಕ ಬೆರಳನ್ನು
ಸ್ಲೇಟಿನ ಹಿಂದೆ ಅಡಗಿಸಿ ಓದಿದವಳು ನಾನು.
'ಮೊರದಮ್ಮ' ಎನ್ನುತ್ತಿದ್ದರು ಹಿಂದಿನ ಸಾಲಿನವರು.
ಟಿ.ಸಿ.ಎಚ್. ಆಯಿತು, ನೌಕರಿ ಆಯಿತು,
ಮನೆಗೊಂದು ಪ್ಲಾಸ್ಟಿಕ್ ಮೊರ ತಂದೆ.
ಅವ್ವ ಅದನ್ನು ಬೆರಳ ಗೆಣ್ಣಿನಲ್ಲಿ ತಟ್ಟಿ ನೋಡಿ
ಏನೂ ಅನ್ನಲಿಲ್ಲ.

ಸೀಳು ಒಣಗಿತ್ತು. ಕುಡಿಯುವ ನೀರು ಸುರಿದೆ.
ಎರಡು ಮೇಲೆ, ಎರಡು ಕೆಳಗೆ, ಒಂದು ಸರಿಸಿ
ಮತ್ತೆ ಎರಡು ಮೇಲೆ;
ಅಂಚು ಬಾಗಿಸುವಾಗ ನಾಲಗೆ ತುಟಿಯಾಚೆ,
ಅವ್ವನದೇ ಚಾಳಿ.
ಜಂಕ್ಷನ್ನಿನಲ್ಲಿ ಯಾವುದೋ ರೈಲು ತಡವೆಂದು
ಮೂರು ಭಾಷೆಯಲ್ಲಿ ಕೂಗಿ ಸುಮ್ಮನಾಯಿತು.
ಮಡಿಲಲ್ಲಿ ಅಂಗೈಯಗಲದ ಮೊರ.

"ಎಲ್ಲಿ ಕಲಿತಿರಿ?" ಎಂದರು ಮೇಡಂ.
"ಯೂಟ್ಯೂಬಿನಲ್ಲಿ" ಎಂದೆ.

ಕೈ ನಿಜ ಹೇಳಿ ಮುಗಿಸಿತ್ತು;
ಬಾಯಿಗೆ ತರಬೇತಿ ಸಾಲದು.

ಸೋಮವಾರ ಮೂರನೆಯ ತರಗತಿ.
ಬಿಸಿಯೂಟದ ಅಕ್ಕಿ ಎರಡು ಸೇರು, ಬುಟ್ಟಿಮೊರ ನಾಲ್ಕು.
ಕ್ರಿಯಾಪದ ಎಂದು ಬೋರ್ಡಿನಲ್ಲಿ ಬರೆದು, ಅಳಿಸಿ,
ಅಂಗಳಕ್ಕೆ ಕರೆದೊಯ್ದೆ.
ಕೇರುವುದು ಬೇರೆ, ಒನೆಯುವುದು ಬೇರೆ, ತೂರುವುದು ಬೇರೆ,
ಪುಸ್ತಕದಲ್ಲಿ ಮೂರಕ್ಕೂ ಸೇರಿ ಒಂದೇ 'ಸ್ವಚ್ಛಗೊಳಿಸು'.
ಮುಬೀನಾಳ ಅಜ್ಜಿಗೆ ನಾಲ್ಕನೆಯದೂ ಗೊತ್ತಂತೆ,
ನಾಳೆ ಕೇಳಿಕೊಂಡು ಬರುತ್ತಾಳಂತೆ.

ಕಲ್ಲು ಹಿಂದಕ್ಕೆ, ಹೊಟ್ಟು ಮುಂದಕ್ಕೆ,
ಅರ್ಧ ಅಕ್ಕಿ ನೆಲಕ್ಕೆ.
"ಅಕ್ಕಿ ಬಂದ್ವು ಮಿಸ್, ಅಕ್ಕಿ!"
ಕೂಗಿದ ಕರಿಸಿದ್ದ, ಗೊರವಂಕಗಳ ಕಡೆ ಕೈ ತೋರಿ.
ಇಪ್ಪತ್ತಾರು ವರ್ಷ ಕೆಂಪು ಶಾಯಿಯಲ್ಲಿ
ಅ-ಕ್ಕೆ ಹ ಬರೆದ ನಾನು
ತಿದ್ದಲೆಂದು ಬಾಯಿ ತೆರೆದೆ.
ಆಮೇಲೆ ನೋಡಿದರಾಯಿತು ಎಂದು ಮುಚ್ಚಿದೆ.

"ಮೊರ ಯಾರ್ ಮಾಡಿದ್ದು ಮಿಸ್?"
"ನಾನು."
"ನಿಮ್ಗೆ ಯಾರ್ ಕಲ್ಸಿದ್ದು?"
"ನಮ್ಮವ್ವ. ಕೆಂಚಮ್ಮ ಅಂತ."
"ಅವ್ರೂ ಮಿಸ್ಸಾ?"

ರಾತ್ರಿ ಮೊಬೈಲಿನಲ್ಲಿ ವರದಿ ತುಂಬಿಸಬೇಕು.
ಚಟುವಟಿಕೆಯ ಫೋಟೊ: ಎರಡು ಮಾತ್ರ.
ಕಲಿಕಾ ಫಲ: ಆಯ್ಕೆ ಮಾಡಿ.
ಸಂಪನ್ಮೂಲ ವ್ಯಕ್ತಿ: ಆಯ್ಕೆ ಮಾಡಿ.
ಪಟ್ಟಿ ಮೇಲಿಂದ ಕೆಳಗೆ ಎಳೆದೆ, ಕೆಳಗಿಂದ ಮೇಲೆ.
ಕೊನೆಗೆ 'ಇತರೆ' ಒತ್ತಿದಾಗ
ಹೆಬ್ಬೆರಳಲ್ಲಿ ಸಿಬಿರೊಂದು
ಚುರ್ರೆಂದಿತು.